ಜೇನುಬಣ್ಣ ಕಳೆದುಕೊಂಡ ಗಾಜು: ಹುಬ್ಬಳ್ಳಿಯ ಒಂದು ಭಟ್ಟಿಯ ಪ್ರಕರಣ ಅಧ್ಯಯನ

ಹುಬ್ಬಳ್ಳಿಯ ಹೊರವಲಯದಲ್ಲಿ ಗುಜರಿ ಗಾಜನ್ನು ಕರಗಿಸಿ ದೀಪದ ಬುರುಡೆ, ಅಲಂಕಾರದ ಹಂಚು ಮತ್ತು ಹಳೆಯ ಮನೆಗಳ ಕಿಟಕಿಗೆ ಬೇಕಾಗುವ ಬಣ್ಣದ ತುಂಡುಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಯಾಗಾರವಿದೆ. ಈ ಪ್ರಕರಣ ಅಲ್ಲಿಯದು. ಗಾಜಿನ ಬಣ್ಣದ ಮಾತು ಬಂದಾಗಲೆಲ್ಲ ನಾವು ಒಂದು ಸಿದ್ಧ ಪಟ್ಟಿಯನ್ನು ಒಪ್ಪಿಸುತ್ತೇವೆ: ಕೋಬಾಲ್ಟ್ ಆಕ್ಸೈಡ್ ಹಾಕಿದರೆ ನೀಲಿ, ಕ್ರೋಮಿಯಂ ಆಕ್ಸೈಡ್ ಹಾಕಿದರೆ ಹಸಿರು, ಕಬ್ಬಿಣದ ಆಕ್ಸೈಡ್ ಹಾಕಿದರೆ ಕಂದು. ಮೊದಲಿನ ಎರಡು ಸಾಲುಗಳನ್ನು ನಂಬಿ ಕೆಲಸ ಮಾಡಬಹುದು. ಮೂರನೆಯದನ್ನು ನಂಬಿದವರಿಗೆ ಏನಾಗುತ್ತದೆ ಎಂಬುದು ಇಲ್ಲಿ ಮೂಸೆಯೊಳಗೇ ಕಾಣಿಸಿತು. ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿಸುವವನಾದ ನನ್ನನ್ನು ಕಾರ್ಯಾಗಾರದವರು ಕರೆಸಿಕೊಂಡದ್ದು ಕೆಲಸ ಕೆಟ್ಟ ಮೇಲೆ; ಆದ್ದರಿಂದ ಮೊದಲ ಘಟ್ಟದ ವಿವರಗಳು ಅವರು ಹೇಳಿದಂತೆ, ಮುಂದಿನವು ನಾನು ಕಂಡಂತೆ ಇವೆ.

ಬಂದ ಕೆಲಸ

ಧಾರವಾಡದ ಹಳೆಯ ಓಣಿಯೊಂದರ ವಾಡೆಯ ಮುಂಬಾಗಿಲಿನ ಮೇಲೆ ಅರ್ಧಚಂದ್ರಾಕಾರದ ಗಾಜಿನ ಕಮಾನು ಇತ್ತು. ಕೆಂಪು, ಹಸಿರು ಮತ್ತು ಜೇನುಬಣ್ಣದ ತುಂಡುಗಳನ್ನು ಸಾಗುವಾನಿ ಪಟ್ಟಿಗಳ ನಡುವೆ ಕೂರಿಸಿದ ಆ ಕಮಾನಿನಲ್ಲಿ ಜೇನುಬಣ್ಣದ ತುಂಡುಗಳು ಹೆಚ್ಚಿನಂಶ ಒಡೆದಿದ್ದವು. ಮನೆಯವರಿಗೆ ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಗಾಜು ಬೇಡವಾಗಿತ್ತು. ಕಮಾನು ಪಶ್ಚಿಮಕ್ಕೆ ಮುಖಮಾಡಿರುವುದರಿಂದ ಮಧ್ಯಾಹ್ನದ ಬಿಸಿಲೆಲ್ಲ ಅದರ ಮೇಲೆಯೇ ಬೀಳುತ್ತದೆ, ಅಂಥ ಹಾಳೆ ಕೆಲವೇ ಬೇಸಿಗೆಗಳಲ್ಲಿ ಮಾಸಿ ಏಳುತ್ತದೆ ಎಂಬುದು ಅವರ ಅನುಭವ.

ಮಾದರಿಗೆಂದು ಅವರು ಕೊಟ್ಟಿದ್ದ ಒಡೆದ ಚೂರು ಸುಮಾರು 3 ಮಿಲಿಮೀಟರ್ ದಪ್ಪವಿತ್ತು. ಅದನ್ನು ಬೆಳಕಿಗೆ ಅಡ್ಡ ಹಿಡಿದರೆ ತಿಳಿಜೇನಿನ ಬಣ್ಣ. ಅಂಚಿನ ಕಡೆಯಿಂದ ನೋಡಿದರೆ ಗಾಢ ಕಂದು, ಮತ್ತು ಆ ಕಂದು ಒಂದು ಮೇಲ್ಮೈಯಿಂದ ಇನ್ನೊಂದು ಮೇಲ್ಮೈವರೆಗೆ ಒಂದೇ ಸಮನಾಗಿತ್ತು. ಇದು ಸಣ್ಣ ಪರೀಕ್ಷೆಯಾದರೂ ಮುಖ್ಯವಾದದ್ದು. ಯುರೋಪಿನ ಚರ್ಚುಗಳ ಕಿಟಕಿಗಳಲ್ಲಿ 14ನೇ ಶತಮಾನದ ಆರಂಭದಿಂದ ಕಾಣಿಸುವ ಹಳದಿ ಮತ್ತು ಜೇನುಬಣ್ಣಗಳು ಬಹುಮಟ್ಟಿಗೆ ಬೆಳ್ಳಿಯವು. ಬೆಳ್ಳಿಯ ಲವಣವನ್ನು ಜೇಡಿಮಣ್ಣಿನೊಂದಿಗೆ ಕಲಸಿ ಸಿದ್ಧ ಗಾಜಿನ ಮೇಲೆ ಬಳಿದು ಸುಮಾರು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ, ಬೆಳ್ಳಿಯ ಅಯಾನುಗಳು (ವಿದ್ಯುದಂಶ ಹೊತ್ತ ಪರಮಾಣುಗಳು) ಗಾಜಿನಲ್ಲಿರುವ ಸೋಡಿಯಂ ಅಯಾನುಗಳ ಜಾಗಕ್ಕೆ ನುಸುಳಿ, ಅಲ್ಲಿ ಅತಿ ಸೂಕ್ಷ್ಮ ಲೋಹಕಣಗಳಾಗಿ ನಿಂತು ಹಳದಿ ಬಣ್ಣ ಕೊಡುತ್ತವೆ. ಅಂಥ ಗಾಜಿನ ಅಂಚನ್ನು ನೋಡಿದರೆ ಬಣ್ಣ ಒಂದು ಮುಖದಲ್ಲಿ ಮಾತ್ರ ತೆಳುಗೆರೆಯಾಗಿ ಕಾಣುತ್ತದೆ. ನಮ್ಮ ಚೂರಿನಲ್ಲಿ ಹಾಗಿರಲಿಲ್ಲ. ಬಣ್ಣ ಗಾಜು ಕರಗುವಾಗಲೇ ಅದರ ಒಡಲಿನಲ್ಲಿ ಹುಟ್ಟಿತ್ತು.

ಕಾರ್ಯಾಗಾರದವರು ಹಾಕಿದ ಲೆಕ್ಕ ಸರಳವಾಗಿತ್ತು. ಗುಜರಿ ಅಂಗಡಿಯಲ್ಲಿ ಕಂದು ಬಾಟಲಿಗಳು ಬೇಕಾದಷ್ಟು ಸಿಗುತ್ತವೆ. ಆದರೆ ಬಾಟಲಿಯ ಕಂದು ಮಾದರಿ ಚೂರಿಗಿಂತ ಗಾಢ. ಅದಕ್ಕೆ ಸಮಪಾಲು ಬಿಳಿ ಬಾಟಲಿಯ ಚೂರು ಬೆರೆಸಿದರೆ ಬಣ್ಣ ಅರ್ಧಕ್ಕೆ ಇಳಿಯಬೇಕು. ನೀರಿಗೆ ಬಣ್ಣ ಬೆರೆಸುವವರು ಯಾರಾದರೂ ಹೀಗೆಯೇ ಯೋಚಿಸುತ್ತಾರೆ, ಮತ್ತು ಕೋಬಾಲ್ಟಿನ ನೀಲಿ ಗಾಜಾಗಿದ್ದರೆ ಈ ಲೆಕ್ಕ ನಿಜಕ್ಕೂ ಸರಿಹೋಗುತ್ತಿತ್ತು.

ಮೂಸೆ ಉಕ್ಕಿದ್ದು

ಗ್ಯಾಸಿನ ಭಟ್ಟಿಯಲ್ಲಿ ಮೂಸೆಯಿಟ್ಟು, ಎರಡೂ ಬಗೆಯ ಚೂರುಗಳನ್ನು ಸಮಪಾಲು ಹಾಕಿ, ಶಾಖವನ್ನು 1200 ಡಿಗ್ರಿಯ ಆಸುಪಾಸಿಗೆ ಏರಿಸಲಾಯಿತು. ಚೂರುಗಳು ಮೆತ್ತಗಾಗಿ ಒಂದರೊಳಗೊಂದು ಇಳಿಯತೊಡಗಿದಾಗ ಗಾಜು ಒಲೆಯ ಮೇಲಿನ ಹಾಲಿನಂತೆ ಉಕ್ಕಿ, ಮೂಸೆಯ ಬಾಯಿ ದಾಟಿ, ಭಟ್ಟಿಯ ಇಟ್ಟಿಗೆಯ ಮೇಲೆ ಸುರಿಯಿತು. ಉಳಿದದ್ದನ್ನು ತಣಿಸಿ ತೆಗೆದಾಗ ಸಿಕ್ಕಿದ್ದು ಗುಳ್ಳೆಗಳಿಂದ ತುಂಬಿದ ಮಾಸಲು ಹಸಿರು ಗಾಜು. ತಿಳಿಜೇನಿನ ಬಣ್ಣ ಎಲ್ಲಿಯೂ ಇರಲಿಲ್ಲ.

ಬಾಟಲಿಗಳಲ್ಲಿ ಏನೋ ಕಲಬೆರಕೆ ಇದೆ ಎಂಬ ಸಂಶಯ ಮೊದಲು ಬಂದದ್ದು ಸಹಜ. ಗುಜರಿ ಗಾಜಿನಲ್ಲಿ ತೊಡಕಿನ ವಸ್ತುಗಳು ಇರುವುದೂ ನಿಜ. ಕಂದು ಬಣ್ಣದ ಪ್ಲಾಸ್ಟಿಕ್ ಸಿರಪ್ ಬಾಟಲಿಗಳು ಗಾಜಿನ ನಡುವೆ ಸೇರಿಕೊಳ್ಳುತ್ತವೆ. ಇಂಜೆಕ್ಷನ್ನಿನ ಕಂದು ಆಂಪೂಲ್‌ಗಳು ಸಾಮಾನ್ಯವಾಗಿ ಬೋರೋಸಿಲಿಕೇಟ್ ಗಾಜಿನವು. ಕಾದಾಗ ಅವು ಹಿಗ್ಗುವ ಪ್ರಮಾಣ ಬಾಟಲಿ ಗಾಜಿನ ಹಿಗ್ಗುವಿಕೆಗಿಂತ ಬಹಳ ಕಡಿಮೆಯಾದ್ದರಿಂದ, ಪೂರ್ತಿ ಬೆರೆಯದೆ ಎಳೆಯಾಗಿ ಉಳಿದರೆ ತಣಿಯುವಾಗ ಅಲ್ಲಿಯೇ ಬಿರುಕು ಬಿಡುತ್ತದೆ. ಎಲ್ಲಕ್ಕಿಂತ ಉಪದ್ರವಕಾರಿ ಎಂದರೆ ಬಾಟಲಿಯ ಕೊರಳಲ್ಲಿ ಉಳಿದುಬಿಡುವ ಮುಚ್ಚಳದ ಅಲ್ಯೂಮಿನಿಯಂ ಉಂಗುರ. ಕರಗಿದ ಅಲ್ಯೂಮಿನಿಯಂ ಗಾಜಿನ ಸಿಲಿಕಾದಿಂದ ಆಕ್ಸಿಜನ್ ಕಸಿದುಕೊಂಡು, ಹೊಳೆಯುವ ಸಿಲಿಕಾನ್ ಮಣಿಗಳನ್ನು ಬಿಟ್ಟುಹೋಗುತ್ತದೆ. ಸಾಸಿವೆಗಿಂತ ಚಿಕ್ಕ ಅಂಥ ಎರಡು ಮಣಿಗಳು ಈ ಹಸಿರು ಗಾಜಿನಲ್ಲಿಯೂ ಇದ್ದವು, ಪ್ರತಿಯೊಂದರ ಸುತ್ತ ಕೂದಲೆಳೆಯ ಬಿರುಕು ಹರಡಿತ್ತು. ಆದರೆ ಎರಡು ಮಣಿಗಳಿಂದ ಇಡೀ ಮೂಸೆ ಉಕ್ಕುವುದಿಲ್ಲ, ಬಣ್ಣವೂ ಹಾರುವುದಿಲ್ಲ. ಬಾಟಲಿಗಳು ಚೊಕ್ಕಟವಾಗಿದ್ದರೂ ಆಗುತ್ತಿದ್ದದ್ದು ಇದೇ.

ಕಾವಿ, ಆಮೇಲೆ ಇದ್ದಿಲು

ನನ್ನನ್ನು ಕರೆಸುವ ಮುಂಚೆ ಕಾರ್ಯಾಗಾರದ ಹಿರಿಯ ಕೆಲಸಗಾರರು ಎರಡು ಪ್ರಯತ್ನ ಮಾಡಿದ್ದರು. ಎರಡೂ ವ್ಯರ್ಥವಾದವು, ಆದರೆ ಪ್ರಕರಣವನ್ನು ಬಿಡಿಸಲು ಹೆಚ್ಚು ನೆರವಾದವು ಅವೇ.

ಕಂದು ಬಣ್ಣ ಕಬ್ಬಿಣದಿಂದ ಬರುವುದಾದರೆ ಕಬ್ಬಿಣ ಸಾಲದೆ ಬಂದಿರಬೇಕು ಎಂದುಕೊಂಡು, ಅವರು ಹಸಿರು ಗಾಜನ್ನು ಮತ್ತೆ ಕರಗಿಸಿ ಕಾವಿಪುಡಿ ಬೆರೆಸಿದ್ದರು. ಕಾವಿಯೆಂದರೆ ಬಹುಪಾಲು ಫೆರಿಕ್ ಆಕ್ಸೈಡ್. ಜಂಗಿನ ಬಣ್ಣಕ್ಕೂ ಕಾರಣ ಅದೇ ಕಬ್ಬಿಣ. "ಸರ್, ಕಾವಿ ಹಾಕಿದ್ರ ಕಂದು ಆಗ್ತದಂತ ಮಾಡಿದ್ವಿ, ಹಾಕಿದಷ್ಟೂ ಹಸಿರು ಏರಾಕತ್ತು," ಎಂದು ಅವರು ತೋರಿಸಿದ ಗಾಜು ಕೆರೆಯ ಪಾಚಿಯ ಬಣ್ಣಕ್ಕೆ ತಿರುಗಿತ್ತು. ಎರಡನೆಯ ಸಲ, ಬಾಟಲಿ ಕಾರ್ಖಾನೆಗಳಲ್ಲಿ ಇಂಗಾಲ ಹಾಕುತ್ತಾರೆಂದು ಯಾರೋ ಹೇಳಿದ್ದನ್ನು ಕೇಳಿ ಕರಗಿದ ಗಾಜಿನ ಮೇಲೆ ಇದ್ದಿಲು ಪುಡಿ ಉದುರಿಸಿದ್ದರು. ಪುಡಿ ಮೇಲೆಯೇ ತೇಲಿ ಉರಿದು ಬೂದಿಯಾಯಿತು. ಗಾಜಿನ ಬಣ್ಣ ಬದಲಾಗಲಿಲ್ಲ, ಹೊಸ ಗುಳ್ಳೆಗಳು ಮಾತ್ರ ಬಂದವು.

ಕಬ್ಬಿಣ ಗಾಜಿನಲ್ಲಿ ಎರಡು ರೂಪಗಳಲ್ಲಿ ಇರುತ್ತದೆ: ಎರಡು ಎಲೆಕ್ಟ್ರಾನ್ ಕಳೆದುಕೊಂಡ ಫೆರಸ್, ಮೂರು ಕಳೆದುಕೊಂಡ ಫೆರಿಕ್. ಫೆರಸ್ ಅಯಾನು ಮುಖ್ಯವಾಗಿ 1050 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೀರುತ್ತದೆ; ಆ ಹೀರಿಕೆಯ ಬಾಲ ಕೆಂಪು ಬೆಳಕಿನವರೆಗೆ ಚಾಚಿರುವುದರಿಂದ ಗಾಜು ನೀಲಿಛಾಯೆ ಪಡೆಯುತ್ತದೆ. ಫೆರಿಕ್ ಅಯಾನು 380ರಿಂದ 440 ನ್ಯಾನೋಮೀಟರ್ ನಡುವೆ ಅಲ್ಲಲ್ಲಿ, ಅದೂ ಬಹಳ ದುರ್ಬಲವಾಗಿ ಹೀರಿ ತಿಳಿಹಳದಿ ಕೊಡುತ್ತದೆ. ಸಾಮಾನ್ಯ ಭಟ್ಟಿಯಲ್ಲಿ ಎರಡೂ ಕೂಡಿಯೇ ಇರುವುದರಿಂದ ನೀಲಿ ಮತ್ತು ಹಳದಿ ಸೇರಿ ಹಸಿರು ಕಾಣುತ್ತದೆ. ಹಳೆಯ ಸೋಡಾ ಬಾಟಲಿಗಳ ಹಸಿರು ಛಾಯೆಗೂ, ಕಿಟಕಿ ಗಾಜನ್ನು ಅಂಚಿನಿಂದ ನೋಡಿದಾಗ ಕಾಣುವ ಹಸಿರಿಗೂ ಕಾರಣ ಇದೇ. ಕಾವಿ ಎಷ್ಟು ಹೆಚ್ಚಿಸಿದರೂ ಹೆಚ್ಚುವುದು ಈ ಹಸಿರೇ. ಕಾವಿಪುಡಿ ಕೆಂಪಾಗಿದೆ ಎಂಬುದಕ್ಕೂ ಅದು ಗಾಜಿನಲ್ಲಿ ಕರಗಿದ ಮೇಲೆ ತೋರುವ ಬಣ್ಣಕ್ಕೂ ಸಂಬಂಧವಿಲ್ಲ. ಕರಗಿದ ಮೇಲೆ ಅಲ್ಲಿ ಕಾವಿಯ ಹರಳೇ ಇರುವುದಿಲ್ಲ, ಸುತ್ತಲಿನ ಆಕ್ಸಿಜನ್ನುಗಳ ನಡುವೆ ಒಂಟಿಯಾಗಿ ಕುಳಿತ ಕಬ್ಬಿಣದ ಅಯಾನುಗಳಿರುತ್ತವೆ.

ಹಾಗಾದರೆ ಕಂದು ಬಾಟಲಿಯ ಕಂದು ಎಲ್ಲಿಂದ ಬಂತು? ಅಲ್ಲಿಯೂ ಕಬ್ಬಿಣವಿದೆ, ಆದರೆ ಸಾಮಾನ್ಯವಾಗಿ ನೂರಕ್ಕೆ 0.2 ಅಥವಾ 0.3 ಪಾಲಿನಷ್ಟು ಮಾತ್ರ. ವ್ಯತ್ಯಾಸ ಮಾಡುವುದು ಗಂಧಕ. ಫೆರಿಕ್ ಅಯಾನಿನ ಸುತ್ತ ನಾಲ್ಕು ಆಕ್ಸಿಜನ್ ಇರಬೇಕಾದ ಕಡೆ ಮೂರು ಆಕ್ಸಿಜನ್ ಮತ್ತು ಒಂದು ಸಲ್ಫೈಡ್ ಅಯಾನು (ಆಕ್ಸಿಜನ್ ಸೇರದ ಗಂಧಕದ ಅಯಾನು) ಬಂದು ಕುಳಿತರೆ, ಸಲ್ಫೈಡಿನಿಂದ ಕಬ್ಬಿಣದ ಕಡೆಗೆ ಎಲೆಕ್ಟ್ರಾನ್ ಜಿಗಿಯುವ ಕ್ರಿಯೆ ಬೆಳಕಿನಿಂದ ಸಾಧ್ಯವಾಗುತ್ತದೆ, ಮತ್ತು ಅದು 410ರಿಂದ 425 ನ್ಯಾನೋಮೀಟರಿನ ನೇರಳೆ-ನೀಲಿ ಬೆಳಕನ್ನು ಅತ್ಯಂತ ಪ್ರಬಲವಾಗಿ ಹೀರುತ್ತದೆ. ಒಂಟಿ ಫೆರಿಕ್ ಅಯಾನಿನ ದುರ್ಬಲ ಹೀರಿಕೆಗೂ ಇದಕ್ಕೂ ಹೋಲಿಕೆಯೇ ಇಲ್ಲ. ನೀಲಿ ಕಳೆದ ಬೆಳಕು ನಮ್ಮ ಕಣ್ಣಿಗೆ ಜೇನುಬಣ್ಣ. ಔಷಧಿ ಬಾಟಲಿಗಳಿಗೆ ಈ ಗಾಜನ್ನು ಆಯ್ದುಕೊಳ್ಳುವುದೂ ಇದಕ್ಕಾಗಿಯೇ. ಔಷಧಗಳನ್ನು ಕೆಡಿಸುವ 290ರಿಂದ 450 ನ್ಯಾನೋಮೀಟರ್ ವ್ಯಾಪ್ತಿಯನ್ನು ಅದು ಚೆನ್ನಾಗಿ ತಡೆಯುತ್ತದೆ.

ಈ ಜೋಡಿಯಲ್ಲಿ ಒಂದು ವಿಚಿತ್ರವಿದೆ. ಗಂಧಕ ಸಲ್ಫೈಡ್ ಆಗಿರಬೇಕಾದರೆ ಕರಗಿದ ಗಾಜಿನಲ್ಲಿ ಆಕ್ಸಿಜನ್ ತೀರ ಕಡಿಮೆ ಇರಬೇಕು, ಅಂದರೆ ಪರಿಸರ ಅಪಕರ್ಷಕವಾಗಿರಬೇಕು. ಕಬ್ಬಿಣ ಫೆರಿಕ್ ಆಗಿ ಉಳಿಯಬೇಕಾದರೆ ಇದಕ್ಕೆ ವಿರುದ್ಧವಾಗಿ ಆಕ್ಸಿಜನ್ ಇರಬೇಕು. ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ಬೇಡ. ಎರಡೂ ಸ್ವಲ್ಪ ಸ್ವಲ್ಪ ಉಳಿಯುವ ಇಕ್ಕಟ್ಟಾದ ಒಂದು ನಡುಪಟ್ಟಿಯಲ್ಲಿ ಮಾತ್ರ ಈ ಬಣ್ಣ ಹುಟ್ಟುತ್ತದೆ; ಆಚೆ ಸರಿದರೆ ಸಲ್ಫೈಡ್ ಇಲ್ಲ, ಈಚೆ ಸರಿದರೆ ಫೆರಿಕ್ ಇಲ್ಲ. ಕಾರ್ಖಾನೆಗಳಲ್ಲಿ ಮರಳು, ಸೋಡಾ, ಸುಣ್ಣದಕಲ್ಲಿನ ಮಿಶ್ರಣಕ್ಕೆ ಸೋಡಿಯಂ ಸಲ್ಫೇಟನ್ನೂ ಸ್ವಲ್ಪವೇ ಸ್ವಲ್ಪ ಕಲ್ಲಿದ್ದಲು ಅಥವಾ ಕೋಕ್ ಪುಡಿಯನ್ನೂ ಕರಗಿಸುವ ಮುನ್ನವೇ ಬೆರೆಸಿ ಈ ನಡುಪಟ್ಟಿಯನ್ನು ಸಾಧಿಸುತ್ತಾರೆ. ಇಂಗಾಲದ ಕೆಲಸ ಸಲ್ಫೇಟಿನ ಆಕ್ಸಿಜನ್ ಕಸಿದು ಅದನ್ನು ಸಲ್ಫೈಡಿಗೆ ಇಳಿಸುವುದಷ್ಟೇ, ಬಣ್ಣ ಅದರದಲ್ಲ. ಈ ಗಾಜಿಗೆ ಇಂಗಾಲದ ಅಂಬರ್ ಎಂಬ ಹೆಸರು ಉಳಿದುಬಂದಿದ್ದರಿಂದ ಇದ್ದಿಲು ಉದುರಿಸಿದವರನ್ನು ನಾನು ದೂರುವುದಿಲ್ಲ. ಆದರೆ ಅವರ ಹಸಿರು ಗಾಜಿನಲ್ಲಿ ಇಳಿಸುವುದಕ್ಕೆ ಗಂಧಕವೇ ಉಳಿದಿರಲಿಲ್ಲ.

ಗಂಧಕ ಹೋದದ್ದು ಎಲ್ಲಿಗೆ ಎಂಬುದೇ ಮೂಸೆ ಉಕ್ಕಿದ್ದರ ಉತ್ತರ. ಬಿಳಿ ಬಾಟಲಿಯ ಗಾಜು ಆಕ್ಸಿಜನ್ ಸಮೃದ್ಧವಾದ ಸ್ಥಿತಿಯಲ್ಲಿ ಕರಗಿದ್ದು. ಅದರೊಳಗಿನ ಗಂಧಕ ಸಲ್ಫೇಟ್ ರೂಪದಲ್ಲಿದೆ. ಕಂದು ಬಾಟಲಿಯ ಗಾಜಿನ ಗಂಧಕ ಸಲ್ಫೈಡ್ ರೂಪದಲ್ಲಿದೆ. ಎರಡೂ ತಮ್ಮ ತಮ್ಮ ಗಾಜಿನಲ್ಲಿ ಸುಮ್ಮನೆ ಕರಗಿಕೊಂಡಿರುತ್ತವೆ. ಅವನ್ನು ಒಟ್ಟಿಗೆ ಕರಗಿಸಿದಾಗ ಮೂರು ಸಲ್ಫೇಟ್ ಅಯಾನು ಮತ್ತು ಒಂದು ಸಲ್ಫೈಡ್ ಅಯಾನು ಪರಸ್ಪರ ವರ್ತಿಸಿ ನಾಲ್ಕು ಸಲ್ಫರ್ ಡೈಆಕ್ಸೈಡ್ ಅಣುಗಳಾಗುತ್ತವೆ, ಈ ಅನಿಲವೋ ಗಾಜಿನಲ್ಲಿ ಕರಗಿ ನಿಲ್ಲುವುದಿಲ್ಲ. ಒಂದು ಅಂದಾಜು ಲೆಕ್ಕ ಹಾಕಬಹುದು. ಅರ್ಧ ಕಿಲೋ ಬಿಳಿ ಗಾಜಿನಲ್ಲಿ ನೂರಕ್ಕೆ 0.2 ಪಾಲು ಸಲ್ಫರ್ ಟ್ರೈಆಕ್ಸೈಡ್, ಅರ್ಧ ಕಿಲೋ ಕಂದು ಗಾಜಿನಲ್ಲಿ ನೂರಕ್ಕೆ 0.03 ಪಾಲು ಸಲ್ಫೈಡ್ ಗಂಧಕ ಇದೆ ಎಂದು ಹಿಡಿದರೆ, ಎರಡರ ಪ್ರಮಾಣ ಸುಮಾರು ಮೂರಕ್ಕೆ ಒಂದರಂತೆಯೇ ಬರುತ್ತದೆ. ಪೂರ್ತಿ ವರ್ತಿಸಿದರೆ 1200 ಡಿಗ್ರಿಯಲ್ಲಿ ಹೊರಡುವ ಅನಿಲ ಹತ್ತಿರಹತ್ತಿರ 2 ಲೀಟರ್. ಒಂದು ಕಿಲೋ ಗಾಜಿನ ಗಾತ್ರವೋ 400 ಮಿಲಿಲೀಟರ್. ಸ್ನಿಗ್ಧವಾದ ಗಾಜಿನಿಂದ ಗುಳ್ಳೆಗಳು ಬೇಗ ತಪ್ಪಿಸಿಕೊಳ್ಳಲಾರವಾದ್ದರಿಂದ ಇಡೀ ರಾಶಿ ನೊರೆಯಾಗಿ ಏಳಲೇಬೇಕು. ಅಳತೆ ತಿಳಿಯದೆ ಸಮಪಾಲು ಹಾಕಿದ್ದು ಉಕ್ಕುವುದಕ್ಕೆ ಅತ್ಯಂತ ಅನುಕೂಲವಾದ ಪಾಲಾಗಿಬಿಟ್ಟಿತ್ತು. ಬಣ್ಣ ಕೊಡುತ್ತಿದ್ದ ಸಲ್ಫೈಡ್ ಹೀಗೆ ಅನಿಲವಾಗಿ ಹಾರಿದ ಮೇಲೆ ಕಬ್ಬಿಣ ಒಂಟಿಯಾಯಿತು, ಗಾಜು ಹಸಿರಾಯಿತು. ಉಕ್ಕಿದ್ದು ಮತ್ತು ಬಣ್ಣ ಹೋದದ್ದು ಎರಡು ದೋಷಗಳೆಂದು ಕಾರ್ಯಾಗಾರದವರು ಭಾವಿಸಿದ್ದರು. ಅವು ಒಂದೇ ಕ್ರಿಯೆಯ ಎರಡು ಮುಖಗಳಾಗಿದ್ದವು. ಭಟ್ಟಿಯ ಬಳಿ ಆ ದಿನ ಕೆಮ್ಮು ಬರಿಸುವ ಘಾಟು ಎದ್ದಿತ್ತೆಂದು ಕೆಲಸಗಾರರು ಹೇಳಿದ್ದೂ ಇದಕ್ಕೆ ಹೊಂದುತ್ತದೆ.

ಎರಡು ದಾರಿಗಳ ಪರೀಕ್ಷೆ

ಮೊದಲು ಮಾದರಿ ಚೂರು ಯಾವ ಜಾತಿಯದೆಂದು ತಿಳಿಯಬೇಕಿತ್ತು, ಏಕೆಂದರೆ ಕಬ್ಬಿಣದಿಂದ ಜೇನುಬಣ್ಣ ಪಡೆಯುವ ಇನ್ನೊಂದು ಹಳೆಯ ವಿಧಾನವೂ ಇದೆ: ಕಬ್ಬಿಣದ ಜೊತೆ ಮ್ಯಾಂಗನೀಸ್ ಹಾಕುವುದು. ಅಲ್ಲಿ ಗಂಧಕದ ಪಾತ್ರವಿಲ್ಲ. ಮ್ಯಾಂಗನೀಸಿನ ಮೂರು ವೇಲೆನ್ಸಿಯ ಅಯಾನು 490 ನ್ಯಾನೋಮೀಟರಿನ ಆಸುಪಾಸಿನ ಅಗಲವಾದ ಪಟ್ಟಿಯಲ್ಲಿ ಬೆಳಕು ಹೀರಿ ನೇರಳೆ ಬಣ್ಣ ಕೊಡುತ್ತದೆ. ಅದು ಫೆರಿಕ್ ಕಬ್ಬಿಣದ ಹಳದಿಯೊಂದಿಗೆ ಕೂಡಿದಾಗ ಕಂದು. ಕಾಲೇಜಿನ ಪ್ರಯೋಗಾಲಯದ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಹಳೆಯ ಚೂರನ್ನೂ ಕಂದು ಬಾಟಲಿಯ ಚಪ್ಪಟೆ ತುಂಡನ್ನೂ ಪಕ್ಕಪಕ್ಕ ಅಳೆದಾಗ, ದಾಟಿಬಂದ ಬೆಳಕಿನ ರೇಖೆಗಳು ಎರಡರಲ್ಲೂ ಹಸಿರಿನಿಂದ ನೀಲಿಯ ಕಡೆಗೆ ಕಡಿದಾಗಿ ಇಳಿದು 425 ನ್ಯಾನೋಮೀಟರಿನ ಬಳಿ ತಳ ಮುಟ್ಟಿದವು. 490ರ ಬಳಿ ಮ್ಯಾಂಗನೀಸಿನ ಅಗಲ ತಗ್ಗು ಇರಲಿಲ್ಲ. ವಾಡೆಯ ಗಾಜು ಗಂಧಕದ ಜಾತಿಯದೇ ಎಂಬುದು ಇದರಿಂದ ಬಹುಮಟ್ಟಿಗೆ ಖಚಿತವಾಯಿತು.

ಆದ್ದರಿಂದ ಮೊದಲ ದಾರಿ ಕಂದು ಬಾಟಲಿಯ ಗಾಜನ್ನು ಒಂಟಿಯಾಗಿ ಕರಗಿಸುವುದು. ಕೊರಳಿನ ಉಂಗುರಗಳನ್ನು ಇಕ್ಕಳದಿಂದ ತೆಗೆದು, ಚೂರುಗಳನ್ನು ತೊಳೆದು ಒಣಗಿಸಿ, ಮೂಸೆಗೆ ಮುಚ್ಚಳ ಹಾಕಿ, ಗಾಳಿ ಸ್ವಲ್ಪ ಕಡಿಮೆ ಬಿಟ್ಟು ಜ್ವಾಲೆಯನ್ನು ತುಸು ಹೊಗೆಯಾಡುವ ಹದದಲ್ಲಿ ಇಡಲಾಯಿತು. ಗಾಜು ಉಕ್ಕಲಿಲ್ಲ. ಕೆಂಪಗೆ ಕಾದ ಗಾಜಿನ ಬಣ್ಣವನ್ನು ಮೂಸೆಯಲ್ಲೇ ನೋಡಿ ಹೇಳುವುದು ಅಸಾಧ್ಯವಾದ್ದರಿಂದ, ಕಬ್ಬಿಣದ ಸರಳಿನ ತುದಿಯಲ್ಲಿ ಆಗಾಗ ಒಂದು ಹನಿ ಎತ್ತಿ, ತಗಡಿನ ಮೇಲೆ ಒತ್ತಿ ಚಪ್ಪಟೆ ಮಾಡಿ, ಅದು ತಣಿದ ಮೇಲೆ ಹಳೆಯ ಚೂರಿನ ಪಕ್ಕ ಹಿಡಿದು ನೋಡಬೇಕಾಗಿತ್ತು.

ಒಂದು ಮೂಸೆಯನ್ನು ಉದ್ದೇಶಪೂರ್ವಕವಾಗಿ ಮುಚ್ಚಳವಿಲ್ಲದೆ, ಗಾಳಿ ಪೂರ್ತಿ ಬಿಟ್ಟು ಹೆಚ್ಚು ಹೊತ್ತು ಕಾಯಿಸಿ, ಅದರೊಳಗೇ ತಣಿಯಲು ಬಿಟ್ಟೆವು. ಮೂಸೆ ಒಡೆದು ಗಾಜಿನ ಗಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಸೀಳಿದಾಗ ಈ ಪ್ರಕರಣದ ಸಾರವೆಲ್ಲ ಆ ಸೀಳಿನಲ್ಲಿ ಕಂಡಿತು. ಗಾಳಿಗೆ ತೆರೆದಿದ್ದ ಮೇಲಿನ ಕೆಲವು ಮಿಲಿಮೀಟರ್ ಪೇಲವ ಹಸಿರು. ಅದರ ಕೆಳಗೆ ಸಾಲಾಗಿ ನಿಂತ ಸೂಜಿಮೊನೆಯಷ್ಟು ಗುಳ್ಳೆಗಳು. ಗುಳ್ಳೆಗಳ ಕೆಳಗೆ ತಿಳಿಜೇನು, ಅದು ಕ್ರಮೇಣ ಗಾಢವಾಗುತ್ತ ತಳದಲ್ಲಿ ಬಾಟಲಿಯ ಮೂಲ ಕಂದಿಗೆ ಮುಟ್ಟಿತ್ತು. ಕಬ್ಬಿಣದ ಪ್ರಮಾಣ ಮೇಲೂ ಕೆಳಗೂ ಅಷ್ಟೇ. ಬದಲಾದದ್ದು ಮೇಲಿನಿಂದ ಇಳಿದ ಆಕ್ಸಿಜನ್ ಎಷ್ಟು ಆಳ ತಲುಪಿತು ಎಂಬುದು ಮಾತ್ರ. ಕಾವಿಯ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ್ದು ಆವತ್ತೇ.

ಉಳಿದದ್ದು ಬಣ್ಣವನ್ನು ತಿಳಿಗೊಳಿಸುವ ಪ್ರಶ್ನೆ. ಬಿಳಿ ಗಾಜು ಬೆರೆಸುವಂತಿಲ್ಲ ಎಂದಾದ ಮೇಲೆ ಇರುವುದು ಎರಡೇ ಉಪಾಯ. ಒಂದು, ದಪ್ಪ ಕಡಿಮೆ ಮಾಡುವುದು. ದಪ್ಪ ಹೆಚ್ಚಿದಂತೆ ಗಾಜನ್ನು ದಾಟಿಬರುವ ಬೆಳಕು ಘಾತೀಯವಾಗಿ ಕುಗ್ಗುವುದರಿಂದ, ಯಾವುದೋ ತರಂಗಾಂತರದಲ್ಲಿ 6 ಮಿಲಿಮೀಟರ್ ದಪ್ಪದ ಗಾಜು ನೂರಕ್ಕೆ 10 ಪಾಲು ಬೆಳಕನ್ನು ಬಿಟ್ಟರೆ ಅದೇ ಗಾಜು 3 ಮಿಲಿಮೀಟರಿನಲ್ಲಿ ಸುಮಾರು 32 ಪಾಲು ಬಿಡುತ್ತದೆ. ಅರ್ಧ ದಪ್ಪಕ್ಕೆ ಬರಿಯ ಎರಡರಷ್ಟಲ್ಲ, ಮೂರರಷ್ಟು. ಇನ್ನೊಂದು, ಗಾಜನ್ನು ಭಟ್ಟಿಯಲ್ಲಿ ಎಷ್ಟು ಹೊತ್ತು, ಎಂಥ ಜ್ವಾಲೆಯಲ್ಲಿ ಇಡುತ್ತೇವೆ ಎಂಬುದರಿಂದ ಸಲ್ಫೈಡನ್ನು ತುಸುವೇ ಕಳೆಯುವುದು. ಇದರಲ್ಲಿ ಅಪಾಯವಿದೆ: ಕಳೆಯುವ ಸಲ್ಫೈಡ್ ಗುಳ್ಳೆಯಾಗಿಯೇ ಹೊರಬೀಳಬೇಕು, ಮತ್ತು ಒಮ್ಮೆ ಹಸಿರಿನ ಕಡೆ ವಾಲಿದ ಗಾಜನ್ನು ಹಿಂದಕ್ಕೆ ತರುವುದು ಈ ಭಟ್ಟಿಯಲ್ಲಿ ಆಗದ ಮಾತು. ನನ್ನ ಸಲಹೆ ಮೊದಲ ಉಪಾಯದ ಪರವಾಗಿತ್ತು. ಕರಗಿದ ಗಾಜನ್ನು ಉಕ್ಕಿನ ತಗಡಿನ ಮೇಲೆ ಸುರಿದು ರೋಲರಿನಿಂದ ಒತ್ತಿ, 2ರಿಂದ 3 ಮಿಲಿಮೀಟರ್ ದಪ್ಪದ ಹಲ್ಲೆಗಳನ್ನು ಮಾಡಿ, 550 ಡಿಗ್ರಿಯ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಹಿಡಿದು, ಬಿಗಿತ ಉಳಿಯದಂತೆ ರಾತ್ರಿಯಿಡೀ ತಣಿಸಿದರು. ಒತ್ತುವಾಗ ಬಂದ ಸಣ್ಣ ಅಲೆ ಹಳೆಯ ಗಾಜಿನ ಅಲೆಗೆ ಹೊಂದಿದ್ದು ಅನಾಯಾಸವಾಗಿ ದೊರೆತ ಲಾಭ.

ಎರಡನೆಯ ದಾರಿ, ಅಂದರೆ ಕಬ್ಬಿಣ-ಮ್ಯಾಂಗನೀಸ್, ಕಾರ್ಯಾಗಾರದವರಿಗೆ ಹೆಚ್ಚು ಆಕರ್ಷಕವಾಗಿತ್ತು. ಬಿಳಿ ಬಾಟಲಿಯ ಗಾಜನ್ನೇ ಬಳಸಬಹುದು, ಜ್ವಾಲೆಗೆ ಗಾಳಿ ಧಾರಾಳವಾಗಿ ಬಿಡಬಹುದು, ಮುಚ್ಚಳದ ಕಿರಿಕಿರಿಯಿಲ್ಲ. ಒಬ್ಬ ಹುಡುಗ ಹಳೆಯ ಟಾರ್ಚ್ ಸೆಲ್ಲುಗಳನ್ನು ಒಡೆದು ಕಪ್ಪುಪುಡಿ ತಂದು ತೋರಿಸಿದ; ಅದರಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಇರುವುದು ನಿಜವೇ. ಆದರೆ ಅದರ ಜೊತೆ ಇಂಗಾಲದ ಪುಡಿಯೂ ಸತುವಿನ ಲವಣವೂ ಬೆರೆತಿರುತ್ತವೆ, ಮತ್ತು ಇಂಗಾಲ ಮ್ಯಾಂಗನೀಸನ್ನು ಬಹುಪಾಲು ಬಣ್ಣವಿಲ್ಲದ ಎರಡು ವೇಲೆನ್ಸಿಯ ರೂಪಕ್ಕೆ ಇಳಿಸಿಬಿಡುತ್ತದೆ. ಅದನ್ನು ಬಿಟ್ಟು, ಕುಂಬಾರಿಕೆಯ ಮೆರುಗಿಗೆ ಬಳಸುವ ಶುದ್ಧ ಪುಡಿಯನ್ನು ತರಿಸಲಾಯಿತು. ಮ್ಯಾಂಗನೀಸಿನ ಧೂಳು ದೀರ್ಘಕಾಲ ಉಸಿರಿನೊಂದಿಗೆ ಒಳಹೋದರೆ ನರಮಂಡಲಕ್ಕೆ ಹಾನಿಕರವಾದ್ದರಿಂದ, ತೂಗುವಾಗ ಮುಖಗವಸು ಹಾಕಿ, ಪುಡಿಯನ್ನು ತುಸು ತೇವ ಮಾಡಿಯೇ ಬೆರೆಸಬೇಕೆಂದು ಒತ್ತಾಯಿಸಿದೆ.

ನೂರು ಪಾಲು ಬಿಳಿ ಗಾಜಿಗೆ ಮೂರು ಪಾಲು ಮ್ಯಾಂಗನೀಸ್ ಡೈಆಕ್ಸೈಡ್, ಒಂದು ಪಾಲು ಕಾವಿ ಹಾಕಿದಾಗ ಬಂದದ್ದು ಕೆಂಪು ಛಾಯೆಯ ಒಳ್ಳೆಯ ಕಂದು. ಮ್ಯಾಂಗನೀಸನ್ನು ಕಡಿಮೆ ಮಾಡಿದ ಸಲ ಬಣ್ಣ ಸೊರಗಿತು, ಇದಕ್ಕೂ ಕಾರಣವಿದೆ: ಮ್ಯಾಂಗನೀಸ್ ಮೊದಲು ಗಾಜಿನಲ್ಲಿರುವ ಫೆರಸ್ ಕಬ್ಬಿಣವನ್ನು ಫೆರಿಕ್ಕಿಗೆ ಏರಿಸುವುದರಲ್ಲಿ ಖರ್ಚಾಗುತ್ತದೆ, ಹಾಗೆ ಖರ್ಚಾದದ್ದು ತಾನು ಬಣ್ಣ ಕಳೆದುಕೊಳ್ಳುತ್ತದೆ. ಗಾಜಿನ ಹಸಿರನ್ನು ಹೋಗಲಾಡಿಸಲು ಹಿಂದಿನ ಕಾಲದ ಗಾಜುಗಾರರು ಚಿಟಿಕೆ ಮ್ಯಾಂಗನೀಸ್ ಹಾಕುತ್ತಿದ್ದದ್ದು ಈ ಗುಣವನ್ನೇ ನೆಚ್ಚಿ. ಆ ಖರ್ಚು ಕಳೆದು ಮಿಕ್ಕಿದ್ದಷ್ಟೇ ನೇರಳೆಯನ್ನು ಕೊಡಬಲ್ಲದು. ಇಲ್ಲಿ ಕಾವಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತೆನ್ನಬಹುದು.

ತೀರ್ಮಾನ

ಎರಡು ಬಗೆಯ ಹಲ್ಲೆಗಳನ್ನೂ ಬಾಗಿಲ ಬಳಿ ಹಗಲು ಬೆಳಕಿಗೆ ಹಿಡಿದಾಗ ಮನೆಯ ಹಿರಿಯರು, "ಎರಡೂ ಚಲೋನ ಅದಾವ, ಯಾವದರ ಹಾಕ್ರಿ," ಎಂದರು. ಕಣ್ಣಿಗೆ ವ್ಯತ್ಯಾಸ ಅಷ್ಟು ಕಡಿಮೆಯಿತ್ತು. ಬಾಳಿಕೆಯ ವಿಷಯದಲ್ಲಿ ಹಾಗಲ್ಲ. ಮ್ಯಾಂಗನೀಸ್ ಇರುವ ಗಾಜು ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ, ಅತಿನೇರಳೆ ಕಿರಣಗಳಿಂದಾಗಿ ಬಣ್ಣವಿಲ್ಲದ ಮ್ಯಾಂಗನೀಸ್ ಅಯಾನುಗಳು ಎಲೆಕ್ಟ್ರಾನ್ ಕಳೆದುಕೊಂಡು ನೇರಳೆ ರೂಪಕ್ಕೆ ಏರುತ್ತವೆ. ಹಸಿರು ಕಳೆಯಲು ಮ್ಯಾಂಗನೀಸ್ ಹಾಕಿ ತಯಾರಿಸಿದ್ದ ಹಳೆಯ ಬಿಳಿ ಬಾಟಲಿಗಳು ಬಯಲಲ್ಲಿ ಬಿದ್ದು ನೇರಳೆಯಾಗುವುದು ಗೊತ್ತಿರುವ ಸಂಗತಿಯೇ. ಪಶ್ಚಿಮದ ಬಿಸಿಲನ್ನೆಲ್ಲ ಎದುರಿಸುವ ಕಮಾನಿಗೆ ಅಂಥ ಗಾಜು ಹಾಕಿದರೆ ದಶಕಗಳಲ್ಲಿ ಛಾಯೆ ಸರಿಯುವ ಸಂಭವವಿದೆ, ಪಕ್ಕದಲ್ಲಿ ಉಳಿದಿರುವ ಹಳೆಯ ತುಂಡುಗಳು ಮಾತ್ರ ಹಾಗೆಯೇ ಇರುತ್ತವೆ. ಹಳೆಯವು ಯಾವ ಜಾತಿಯವೋ ಹೊಸವೂ ಅದೇ ಜಾತಿಯವಾಗಿರಲಿ ಎಂದು ಗಂಧಕದ ಗಾಜನ್ನೇ ಕೂರಿಸಲಾಯಿತು. ಬಡಿಗರು ಸಾಗುವಾನಿ ಪಟ್ಟಿಯ ತೋಡಿನಲ್ಲಿ ಬಿಸಿಲಿಗೆ ಹಿಗ್ಗಲು ಎಡೆ ಬಿಟ್ಟು ಮೆತ್ತೆ ತುಂಬಿದರು. ಒಂದು ಹಲ್ಲೆ ಉಳಿದವುಗಳಿಗಿಂತ ದಪ್ಪವಾಗಿ ಗಾಢವಾಗಿದೆ; ಅದನ್ನು ಕಮಾನಿನ ತುದಿಯ ಸಣ್ಣ ಮನೆಯಲ್ಲಿ ಹಾಕಿದ್ದಾರೆ.

ಉಕ್ಕಿ ಹಸಿರಾದ ಗಾಜನ್ನು ಮತ್ತೆ ಜೇನುಬಣ್ಣಕ್ಕೆ ತರಬೇಕಾದರೆ ಸೋಡಿಯಂ ಸಲ್ಫೇಟನ್ನೂ ಇಂಗಾಲವನ್ನೂ ಅಳತೆಯಲ್ಲಿ ಬೆರೆಸಿ ಹೊಸದಾಗಿ ಕರಗಿಸಬೇಕು. ಹೊಗೆ ಹೊರಹೋಗುವ ಸರಿಯಾದ ಚಿಮಣಿಯಿಲ್ಲದ ಆ ಶೆಡ್ಡಿನಲ್ಲಿ ಸಲ್ಫರ್ ಡೈಆಕ್ಸೈಡ್ ಎಬ್ಬಿಸುವುದು ಬೇಡವೆಂದು ಅದನ್ನು ಹಸಿರು ಹಂಚುಗಳಾಗಿಯೇ ಎರಕ ಹೊಯ್ದು ಮಾರಿದರು. ಕಂದು ಮತ್ತು ಬಿಳಿ ಚೂರುಗಳಿಗೆ ಈಗ ಬೇರೆ ಬೇರೆ ಪೀಪಾಯಿಗಳಿವೆ.

ಕಬ್ಬಿಣ-ಮ್ಯಾಂಗನೀಸ್ ಗಾಜನ್ನು ಮನೆಯೊಳಗೆ ತೂಗುವ ದೀಪದ ಬುರುಡೆಗಳಿಗೆ ಮೀಸಲಿಟ್ಟಿದ್ದಾರೆ. ಅಲ್ಲಿ ಇನ್ನೊಂದು ತೊಡಕು ಎದ್ದಿತು: ಹಗಲಿನಲ್ಲಿ ಗಂಧಕದ ಗಾಜಿಗೆ ಸರಿಹೊಂದಿದ್ದ ತುಂಡು ಎಲ್‌ಇಡಿ ಬಲ್ಬಿನ ಮುಂದೆ ಕೆಂಪೇರಿ ಕಾಣಿಸಿತು. ಒಂದು ಗಾಜು ನೀಲಿಯನ್ನು ಕಡಿದಾಗಿ ಕತ್ತರಿಸುತ್ತದೆ, ಇನ್ನೊಂದು ಹಸಿರಿನವರೆಗೂ ಅಗಲವಾಗಿ ಹೀರುತ್ತದೆ. ಎಲ್‌ಇಡಿಯ ಬೆಳಕಿನಲ್ಲಿ ಆ ಎರಡು ಭಾಗಗಳ ಪ್ರಮಾಣ ಹಗಲಿನ ಬೆಳಕಿನಲ್ಲಿದ್ದಂತೆ ಇರುವುದಿಲ್ಲ. ಹೀಗಾಗಿ ಬುರುಡೆಗೆ ಬಣ್ಣ ಆರಿಸಲು ಬಂದ ಗಿರಾಕಿಗಳಿಗೆ ಮಾದರಿಯನ್ನು ಅಂಗಳದಲ್ಲಿ ತೋರಿಸುವುದನ್ನು ಬಿಟ್ಟು, ಒಳಗೆ ಬಲ್ಬು ಹಚ್ಚಿಯೇ ತೋರಿಸುತ್ತಾರೆ.